ಟಿಕ್ಕಣ್ಣನ ಎರಡನೇ ಸುತ್ತು

ಎರಡನೇ ಮಹಡಿಯ ಟೈಲರ್ ಅಕ್ಕ ತನ್ನನ್ನು ತಾನೇ ಸೋಮಾರಿ ಎಂದು ಕರೆದುಕೊಂಡಾಗ, ಸಮೀಕ್ಷೆಗೆ ಬಂದಿದ್ದ ಅವನು ಪೆನ್ನು ಕೆಳಗಿಟ್ಟು, "ಛೇ, ಛೇ, ನೀವು ಸೋಮಾರಿ ಅಂದ್ರೆ ಯಾರಾದ್ರೂ ನಂಬ್ತಾರಾ ಅಕ್ಕ" ಎನ್ನಬೇಕಿತ್ತು. ಅನ್ನಲಿಲ್ಲ. "ಸಂಪೂರ್ಣ ಒಪ್ಪುತ್ತೇನೆ" ಎಂಬ ಚೌಕದೊಳಗೆ ಒಂದು ಟಿಕ್ ಹಾಕಿ ಮುಂದಿನ ವಾಕ್ಯಕ್ಕೆ ಹೋದ. ಆ ಕಟ್ಟಡಕ್ಕೆ ಬೆಂಕಿ ಬೀಳಲು ಅಷ್ಟೇ ಸಾಕಾಯಿತು.

ಅಲ್ಲಿಯ ಜನ ಮರ್ಯಾದಸ್ಥರು. ತಮ್ಮ ಬಗ್ಗೆ ಒಳ್ಳೆಯ ಮಾತನ್ನು ತಮ್ಮ ಬಾಯಿಂದ ಆಡುವವರಲ್ಲ. ಬೆಳಗಿನಿಂದ ಗುಡಿಸಿ ಒರೆಸಿ ಕನ್ನಡಿಯಂತೆ ಇಟ್ಟ ಮನೆಗೆ ಯಾರಾದರೂ ಬಂದರೆ "ಮನೆ ಗಲೀಜು, ಏನೂ ಅಂದ್ಕೋಬೇಡಿ" ಎನ್ನುತ್ತಾರೆ. ಬಂದವರು "ಇದು ಗಲೀಜಾ, ನಮ್ಮ ಮನೆ ನೋಡ್ಬೇಕು ನೀವು" ಎನ್ನಬೇಕು. ಒಬ್ಬರು ತಮ್ಮನ್ನು ತಾವು ಕೆಳಗಿಳಿಸಿಕೊಳ್ಳುವುದು, ಇನ್ನೊಬ್ಬರು ಕೈಹಿಡಿದು ಮೇಲೆತ್ತುವುದು. ಹೀಗೆ ಎಲ್ಲರ ಮಾನವೂ ಉಳಿದುಕೊಂಡು ಬಂದಿತ್ತು. ತನ್ನನ್ನು ತಾನು ಹೊಗಳಿಕೊಂಡವನನ್ನು ಅಲ್ಲಿ ಯಾರೂ ನಂಬುತ್ತಿರಲಿಲ್ಲ. ತನ್ನನ್ನು ತಾನು ತೆಗಳಿಕೊಂಡವನನ್ನು ನಂಬಿಬಿಟ್ಟರೆ ಅವನು ಜನ್ಮದಲ್ಲಿ ಕ್ಷಮಿಸುತ್ತಿರಲಿಲ್ಲ.

ಇದೆಲ್ಲ ಅವನಿಗೆ ತಿಳಿಯದ್ದೇನಲ್ಲ. ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ ಅವನದೂ ಮನೆ. ಆದರೆ ಅವನು ಕೆಲಸ ಮಾಡುವ ಮನೋಧರ್ಮ ಸಂಶೋಧನಾ ಸಂಸ್ಥೆಯ ಮೇಡಂ ಕಟ್ಟುನಿಟ್ಟಾಗಿ ಹೇಳಿ ಕಳಿಸಿದ್ದರು: ಪ್ರಶ್ನೆ ಕೇಳುವಾಗ ತಲೆ ಆಡಿಸಬಾರದು, ನಗಬಾರದು, ಹೌದು ಅನ್ನಬಾರದು, ಅಲ್ಲ ಅನ್ನಬಾರದು; ಮುಖ ಗೋಡೆಯ ಹಾಗಿರಬೇಕು. ಅವನು ವಿಧೇಯ. ಹದಿನಾಲ್ಕು ಮನೆಗಳಲ್ಲಿ ಹದಿನಾಲ್ಕು ಜನ ಇಪ್ಪತ್ತಿಪ್ಪತ್ತು ವಾಕ್ಯಗಳ ಮುಂದೆ ತಮ್ಮನ್ನು ತಾವು ಪಾತಾಳಕ್ಕೆ ಇಳಿಸಿಕೊಂಡು, ಯಾರಾದರೂ ಎತ್ತುತ್ತಾರೆಂದು ಕೈ ಚಾಚಿ ಕಾದರು. ಅವನು ಗೋಡೆಯಂತೆ ಕೂತು ಟಿಕ್ ಹಾಕಿಕೊಂಡು ಎದ್ದು ಬಂದ. ಊರೆಲ್ಲ ಸುತ್ತಿ ಜನರನ್ನು ಆರಿಸಬೇಕೆಂದು ನಿಯಮವಿತ್ತು, ನಿಜ. ಮೆಟ್ಟಿಲು ಇಳಿದರೆ ಸಿಗುವ ಜನರನ್ನು ಬಿಟ್ಟು ಬಿಸಿಲಲ್ಲಿ ಅಲೆಯುವ ಮೂರ್ಖ ಅವನಲ್ಲ.

ಇದು ನಡೆದದ್ದು ಹದಿನೈದು ದಿನಗಳ ಹಿಂದೆ. ಇವತ್ತು ಎರಡನೇ ಸುತ್ತು. ಅದೇ ಜನ, ಅದೇ ಇಪ್ಪತ್ತು ವಾಕ್ಯ.

"ಈ ಪ್ರಶ್ನಾವಳಿ ಹುಟ್ಟಿದ್ದು ಎಲ್ಲೋ ದೂರದಲ್ಲಿ" ಎಂದರು ಮೇಡಂ ಬೆಳಿಗ್ಗೆ, ಅವನಿಗೆ ಲಕೋಟೆ ಕೊಡುತ್ತ. "ಹನ್ನೊಂದು ದೇಶಗಳಲ್ಲಿ ಇದು ನಡೆಯುತ್ತೋ ಇಲ್ವೋ ಅಂತ ನೋಡ್ತಾ ಇದಾರೆ. ತಕ್ಕಡಿ ಇದ್ದ ಹಾಗೆ ಇದು. ಒಂದೇ ಮೂಟೆ ನಿನ್ನೆ ಇಪ್ಪತ್ತು ಕಿಲೋ ತೂಗಿ ಇವತ್ತು ನಾಲ್ಕು ಕಿಲೋ ತೂಗಿದ್ರೆ, ಅದು ತಕ್ಕಡಿ ಅಲ್ಲ, ಉಯ್ಯಾಲೆ. ನಿಮ್ಮ ಹದಿನಾಲ್ಕು ಜನ ಎರಡು ಸಲವೂ ಒಂದೇ ತೂಕ ಬರಬೇಕು."

"ಬರ್ತಾರೆ ಮೇಡಂ. ನಮ್ಮ ಜನ ಮಾತಿಗೆ ತಪ್ಪೋರಲ್ಲ."

"ಬಂದ್ರೆ ಯೋಜನೆ ಇಲ್ಲಿ ಇನ್ನೂ ಮೂರು ವರ್ಷ ಇರತ್ತೆ. ಖಾಯಂ ಹುದ್ದೆಗೆ ನಿಮ್ಮ ಹೆಸರು ಬರೆದಿಟ್ಟಿದೀನಿ. ಬರಲಿಲ್ಲ ಅಂದ್ರೆ ತಿಂಗಳ ಕೊನೆಗೆ ಬೀಗ. ಸಂಜೆ ಐದಕ್ಕೆ ಫಲಿತಾಂಶ ಕಳಿಸಬೇಕು, ನಾಲ್ಕಕ್ಕೆ ಇಲ್ಲಿರಿ. ಹೊಸ ಪ್ರಶ್ನೆ ಹಾಳೆ ಮೇಲುಗಡೆ ಇದೆ, ಒಂದು ಸಲ ಓದ್ಕೊಂಡು ಹೋಗಿ. ಉತ್ತರದ ಹಾಳೆ ಇಪ್ಪತ್ತೆಂಟಿವೆ. ಖಾಲಿ ಉಳಿದದ್ದು, ಹಾಳಾದದ್ದು ಎಲ್ಲ ಎಣಿಸಿ ವಾಪಸ್ ಕೊಡಬೇಕು."

ಖಾಯಂ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಉಳಿದದ್ದು ಅವನಿಗೆ ಅರ್ಧಂಬರ್ಧವೇ ಕೇಳಿಸಿತು. ಆರು ವರ್ಷಗಳಿಂದ ಅವನು ಆ ಸಂಸ್ಥೆಯಲ್ಲಿ ತಾತ್ಕಾಲಿಕ. ಕೈಯಿಲ್ಲದ ಕುರ್ಚಿ, ಬೀಗವಿಲ್ಲದ ಡ್ರಾಯರು, ಕೊರಳಿನ ಗುರುತಿನ ಚೀಟಿಯಲ್ಲಿ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ "ತಾತ್ಕಾಲಿಕ". ಕಚೇರಿಯ ಗೇಟು ದಾಟಿದ್ದೇ ಆ ಚೀಟಿ ಜೇಬು ಸೇರುತ್ತಿತ್ತು. ಹೆಂಡತಿಯ ತವರಿನಲ್ಲಿ ಮಾತ್ರ ಅವನು ಖಾಯಂ ಆಗಿ ಎರಡು ವರ್ಷ ಕಳೆದಿತ್ತು. ಕಚೇರಿಯಲ್ಲಿ ಆಗುವುದೊಂದೇ ಬಾಕಿ. ಆ ಸುಳ್ಳು ನಿಜವಾಗಲು ಇನ್ನು ಏಳೆಂಟು ಗಂಟೆ ಎಂದುಕೊಂಡು ಅವನು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದ. ಪ್ರಶ್ನೆ ಹಾಳೆಯನ್ನು ಓದುವ ಗೋಜಿಗೆ ಹೋಗಲಿಲ್ಲ. ಇಪ್ಪತ್ತು ವಾಕ್ಯಗಳೂ ಅವನಿಗೆ ಮಗ್ಗಿಯಂತೆ ಬಾಯಿಪಾಠವಾಗಿದ್ದವು. ಹಾಳೆ ಮಡಿಸಿದ್ದು ಮಡಿಸಿದಂತೆ ಚೀಲದ ತಳ ಸೇರಿತು.

ಟೈಲರ್ ಅಕ್ಕನ ಬಾಗಿಲು ತೆರೆದೇ ಇತ್ತು. ಹೊಲಿಗೆ ಯಂತ್ರ ಓಡುತ್ತಿತ್ತು. ಅವನನ್ನು ಕಂಡದ್ದೇ ನಿಂತಿತು.

"ಬಾಪ್ಪ ಬಾ. ಸೋಮಾರಿ ಮನೆಗೆ ಬಂದ್ಯಾ?"

"ಅಕ್ಕ, ಎರಡನೇ ಸುತ್ತು. ಹತ್ತೇ ನಿಮಿಷ."

"ಹತ್ತು ನಿಮಿಷ ಯಾಕೆ, ಇಡೀ ದಿನ ಕೂತ್ಕೋ. ಸೋಮಾರಿಗೆ ಏನು ಕೆಲಸ ಇರತ್ತೆ." ಅಕ್ಕ ದಾರವನ್ನು ಹಲ್ಲಿನಲ್ಲಿ ಕಡಿದ ರೀತಿ ನೋಡಿದರೆ ಅಲ್ಲಿ ದಾರವಲ್ಲದೆ ಬೇರೆ ಏನನ್ನೋ ಕಡಿಯುವ ಮನಸ್ಸಿದ್ದಂತಿತ್ತು.

"ಯಾರಕ್ಕ ನಿಮ್ಮನ್ನ ಸೋಮಾರಿ ಅಂದಿದ್ದು?"

"ನೀನೇ ಬರ್ಕೊಂಡಿದೀಯಲ್ಲ."

"ನೀವೇ ಹೇಳಿದ್ರಿ, ಅದಕ್ಕೆ..."

"ನಾನು ಹೇಳ್ದೆ. ಹೇಳೋದು ನನ್ನ ಮರ್ಯಾದೆ. ಬರ್ಕೊಳ್ಳದೇ ಇರೋದು ನಿನ್ನ ಮರ್ಯಾದೆ. ಈ ಕಟ್ಟಡದಲ್ಲಿ ನಿನ್ನ ಮೈಮೇಲಿನ ಅಂಗಿಯಿಂದ ಹಿಡಿದು ಕಿಟಕಿ ಪರದೆ ತನಕ ಹೊಲಿದು ಕೊಟ್ಟಿದ್ದು ಯಾರು? ಬೆಳಿಗ್ಗೆ ಐದಕ್ಕೆ ಎದ್ದು ಕೂತ್ರೆ ನಡ ಎತ್ತೋದು ರಾತ್ರಿಗೆ. ಅಂಥೋಳು ಸೋಮಾರಿ ಅಂದ್ರೆ ನೀನು ಒಂದು ಮಾತು 'ಇಲ್ಲಕ್ಕ' ಅನ್ನಲಿಲ್ಲ. ಅದಕ್ಕೇ ಕಣಪ್ಪ ನಿಂಗೆ ಎಲ್ಲರೂ ಟಿಕ್ಕಣ್ಣ ಅಂತ ಹೆಸರಿಟ್ಟಿರೋದು."

ತನಗೊಂದು ಹೊಸ ಹೆಸರು ಬಿದ್ದಿದೆಯೆಂದು ಅವನಿಗೆ ತಿಳಿದದ್ದು ಆಗಲೇ. ಹೆಸರು ಎಷ್ಟು ಚೆನ್ನಾಗಿ ಹೊಂದಿಕೊಂಡಿತೆಂದರೆ, ಮುಂದಿನ ಮಾತಿಗೆ ಅವನೇ ತಲೆ ಎತ್ತಿ ನೋಡಿದ.

"ಟಿಕ್ಕಣ್ಣ, ಬಾಯಿ ಮುಚ್ಕೋ, ನೊಣ ಹೋದೀತು."

"ಅದೆಲ್ಲ ಗುಟ್ಟಿನ ಕಾಗದ ಅಕ್ಕ. ನಿಮಗೆ ತೋರಿಸಿದ್ದು ಯಾರು?"

ತೋರಿಸಿದ್ದು ಅವನ ಹೆಂಡತಿ. ಮೊದಲ ಸುತ್ತಿನ ಹಾಳೆಗಳ ಜೆರಾಕ್ಸ್ ತೆಗೆಸಿ ಅವನು ಮನೆಯ ಫ್ರಿಜ್ಜಿನ ಮೇಲೆ ಇಟ್ಟಿದ್ದ. ಗಂಡನ ಕಾಗದ ಪತ್ರ ಮುಟ್ಟಬಾರದೆಂಬ ಪಾಠ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಂಗಿಯ ತೋಳು ಬಿಗಿ ಮಾಡಿಸಲು ಅಕ್ಕನ ಹತ್ತಿರ ಹೋದಾಗ, ಬರಿ ಪ್ರೀತಿಯಿಂದಲೇ, "ಅವಸರ ಏನಿಲ್ಲ ಅಕ್ಕ, ನಿಮಗೆ ಸ್ವಲ್ಪ ಸೋಮಾರಿತನ ಅಂತ ಗೊತ್ತು" ಎಂದಿದ್ದಳು. ಅಂಗಿಯ ತೋಳು ಇನ್ನೂ ಬಿಗಿಯಾಗಿರಲಿಲ್ಲ.

"ಸರಿ, ಕೇಳು ಅದೇನು ಕೇಳ್ತೀಯೋ" ಎಂದಳು ಅಕ್ಕ.

"ಒಂದು. ನಾನು ಸೋಮಾರಿ."

"ಒಪ್ಪೋದೇ ಇಲ್ಲ. ಆ ಕೊನೇ ಚೌಕ ಇದೆಯಲ್ಲ, ಅದರಲ್ಲಿ ಒತ್ತಿ ಹಾಕು."

"ಎರಡು. ನನ್ನ ಕೆಲಸದಲ್ಲಿ ತಪ್ಪುಗಳು ಆಗುತ್ತಿರುತ್ತವೆ."

"ಕೊನೇ ಚೌಕ."

ಇಪ್ಪತ್ತಕ್ಕೆ ಇಪ್ಪತ್ತೂ ಹಾಗೇ ಆಯಿತು. ಹದಿನೈದು ದಿನಗಳ ಹಿಂದೆ ಪಾತಾಳದಲ್ಲಿದ್ದ ಹೆಂಗಸು ಇವತ್ತು ಆಕಾಶದಲ್ಲಿದ್ದಳು. ಇವಳೊಬ್ಬಳು ಹೀಗೆ, ಉಳಿದ ಹದಿಮೂರು ಜನ ಇದ್ದಾರಲ್ಲ ಎಂದು ಧೈರ್ಯ ಹೇಳಿಕೊಂಡು ಅವನು ಪಕ್ಕದ ಬಾಗಿಲು ತಟ್ಟಿದ.

ಅದು ವಾಚ್ ಮಾಮನ ಮನೆ. ಮುಂಭಾಗದ ಕೋಣೆಯಲ್ಲೇ ಗಡಿಯಾರ ರಿಪೇರಿ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಅಂಗೈಯಗಲದ ಬಟ್ಟೆಯ ಮೇಲೆ ಸಾಸಿವೆಗಿಂತ ಸಣ್ಣ ತಿರುಪುಗಳನ್ನು ಹರಡಿಕೊಂಡು ಮಾಮ ಕೂತಿದ್ದರು. ಈ ಸಲ ಟಿಕ್ಕಣ್ಣ ಎಡವಲು ಸಿದ್ಧನಿರಲಿಲ್ಲ. ಗೋಡೆಯ ಮುಖ ಬಿಟ್ಟು ನಗುಮುಖ ಹಾಕಿಕೊಂಡೇ ಒಳಗೆ ಹೋದ.

"ಮಾಮ, ವಾಕ್ಯ ಹೀಗಿದೆ. ನನಗೆ ಬೇಗ ಸಿಟ್ಟು ಬರುತ್ತದೆ. ಛೇ, ಛೇ, ನಿಮಗೆ ಸಿಟ್ಟಾ? ಯಾರು ನಂಬ್ತಾರೆ? ಆದ್ರೂ ಹೋದ ಸಲ ನೀವು ಹೌದು ಅಂದಿದ್ರಿ, ಅದನ್ನೇ ಹಾಕ್ಕೊಳ್ಳಾ?"

"ನನಗೆ ಸಿಟ್ಟು ಬರೋದೇ ಇಲ್ಲ ಅಂತ ಹಾಕು" ಎಂದು ಮಾಮ ಅಬ್ಬರಿಸಿ ಮೇಜಿಗೆ ಗುದ್ದಿದರು. ತಿರುಪುಗಳು ಎದ್ದು ಹಾರಿದವು. ಮುಂದಿನ ಕಾಲು ಗಂಟೆ ಇಬ್ಬರೂ ನೆಲದ ಮೇಲೆ ನಾಲ್ಕು ಕಾಲಿನಲ್ಲಿ ತಿರುಪು ಹುಡುಕುತ್ತ ಮಾತಾಡಿದರು.

"ಹಾಗಿದ್ರೆ ಹೋದ ಸಲ ಮೂಗಿನ ತುದೀಲೇ ಸಿಟ್ಟು ಅಂದ್ರಲ್ಲ ಮಾಮ" ಎಂದ ಟಿಕ್ಕಣ್ಣ ಕುರ್ಚಿಯ ಕೆಳಗಿನಿಂದ.

"ಹೋದ ಸಲ ನೀನು ಕೇಳೋಕೆ ಬಂದ ಅತಿಥಿ. ಅತಿಥಿ ಮುಂದೆ ನಾನೇ ಶಾಂತಮೂರ್ತಿ ಅಂತ ಹೇಳ್ಕೊಳ್ಳಕ್ಕಾಗತ್ತಾ? ಬುದ್ಧಿ ಬೇಡ್ವಾ ಅದನ್ನ ಬರ್ಕೊಳ್ಳೋದಕ್ಕೆ?" ಮಾಮನ ದನಿ ಮಂಚದ ಕೆಳಗಿನಿಂದ ಬಂತು. "ನನ್ನ ಸೊಸೆ ಕಿವಿಗೂ ಬಿದ್ದಿದೆ. 'ನೀವೇ ಒಪ್ಕೊಂಡಿದೀರಲ್ಲ' ಅಂತಾಳೆ ಈಗ, ನಾನು ಬಾಯಿ ತೆರೆದ್ರೆ ಸಾಕು."

ಒಂದು ತಿರುಪು ಕೊನೆಗೂ ಸಿಗಲಿಲ್ಲ. ಅದನ್ನೂ ಟಿಕ್ಕಣ್ಣನ ಲೆಕ್ಕಕ್ಕೇ ಬರೆದರು.

ಅವನು ಹೊರಗೆ ಬರುವಷ್ಟರಲ್ಲಿ ಮೆಟ್ಟಿಲ ಮೇಲೆ ಜನ ಸೇರಿದ್ದರು. ನಡುವೆ ಹೆಡ್‌ಮೇಷ್ಟ್ರು. ಮೊದಲ ಮಹಡಿಯ ಇವರು ನಿವೃತ್ತರಾಗಿ ಒಂಬತ್ತು ವರ್ಷವಾಗಿದ್ದರೂ ಕಟ್ಟಡದ ಮಟ್ಟಿಗೆ ಇನ್ನೂ ಗಂಟೆ ಹೊಡೆದಿರಲಿಲ್ಲ. ಕಸದ ಬುಟ್ಟಿ ಎಲ್ಲಿಡಬೇಕು, ಮಕ್ಕಳು ಎಷ್ಟು ಹೊತ್ತಿಗೆ ಮಲಗಬೇಕು, ಯಾರ ಮಗಳು ಯಾವ ಪರೀಕ್ಷೆ ಕಟ್ಟಬೇಕು, ಎಲ್ಲದಕ್ಕೂ ಅವರದೇ ತೀರ್ಪು. ಜೇಬಿನಲ್ಲಿ ಸದಾ ಕೆಂಪು ಶಾಯಿಯ ಪೆನ್ನು.

"ಕೇಳಿಲ್ಲಿ ಟಿಕ್ಕಣ್ಣ" ಎಂದರು. "ನನಗೆ ಏನೂ ತಿಳಿಯದು ಅಂತ ನಾನು ಹೇಳಿದೆ, ನಿಜ. ನಲವತ್ತು ವರ್ಷ ಪಾಠ ಹೇಳಿದ ಮನುಷ್ಯ ವಿನಯದಿಂದ ಒಂದು ಮಾತು ಹೇಳಿದರೆ, ಅದನ್ನ ಕಾಗದದ ಮೇಲೆ ಹಾಕಿ ಹೊರದೇಶಕ್ಕೆ ಕಳಿಸೋದಾ?"

"ಹೆಸರು ಹೋಗಲ್ಲ ಸಾರ್, ಬರೀ ನಂಬರ್ ಹೋಗತ್ತೆ. ನೀವು ಒಂಬತ್ತು."

"ಒಂಬತ್ತನೇ ನಂಬರಿನವನಿಗೆ ಏನೂ ತಿಳಿಯದು ಅಂತ ಹನ್ನೊಂದು ದೇಶಕ್ಕೆ ಗೊತ್ತಾಗೋದು ನನಗಿಷ್ಟ ಇಲ್ಲ. ಹೋದ ಸಲದ ಪ್ರತಿಗಳನ್ನ ತಾ."

"ಅವನ್ನ ತೋರಿಸೋ ಹಾಗಿಲ್ಲ ಸಾರ್..." ಎಂದು ಅವನು ಶುರು ಮಾಡುವಾಗಲೇ ಮೇಲಿನಿಂದ ಅವನ ಹೆಂಡತಿ ಆ ಕಟ್ಟನ್ನು ಹಿಡಿದುಕೊಂಡು ಇಳಿದು ಬರುತ್ತಿದ್ದಳು. ಯಾರೋ ಮಗುವನ್ನು ಕಳಿಸಿ ಆಗಲೇ ಹೇಳಿಯಾಗಿತ್ತು.

ಅಲ್ಲೇ ಸಭೆ ನಡೆಯಿತು. ನಿರ್ಣಯವನ್ನು ಹೆಡ್‌ಮೇಷ್ಟ್ರೇ ಮಂಡಿಸಿ, ಅವರೇ ಅನುಮೋದಿಸಿ, ಕೈ ಎತ್ತಿ ಎಂದರು. ಹೋದ ಸಲ ಹೌದು ಅಂದದ್ದಕ್ಕೆಲ್ಲ ಇವತ್ತು ಇಲ್ಲ. ಇಲ್ಲ ಅಂದದ್ದಕ್ಕೆಲ್ಲ ಹೌದು. ಯಾರಿಗೂ ವಿನಾಯಿತಿ ಇಲ್ಲ. ಎಲ್ಲರೂ ಕೈ ಎತ್ತಿದರು.

ನೆಲಮಹಡಿಯ ನರ್ಸಮ್ಮ ಮಾತ್ರ ಅರ್ಧ ಎತ್ತಿದ ಕೈಯಲ್ಲೇ ಅವನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು. "ನಾನು ಹೋದ ಸಲ ಹೇಳಿದ್ದೆಲ್ಲ ನಿಜಾನೇ. ಆದ್ರೆ ಎಲ್ರೂ ಬದಲಾಯಿಸುವಾಗ ನಾನೊಬ್ಳೇ ಹಾಗೇ ಇದ್ರೆ ಚೆನ್ನಾಗಿರಲ್ಲ. ತಿರುಗಿಸಿಬಿಡಿ."

ಟಿಕ್ಕಣ್ಣ ಮೆಟ್ಟಿಲ ಮೇಲೆ ಕೂತು ಬಾಯಿಪಾಠದ ವಾಕ್ಯಗಳನ್ನು ಒಂದೊಂದಾಗಿ ಒಪ್ಪಿಸಿದ. ಜನ ಸಾಲಾಗಿ ಬಂದು ತಿರುಗಾ ಮುರುಗಾ ಉತ್ತರ ಹೇಳಿದರು. ಹೆಡ್‌ಮೇಷ್ಟ್ರು ಹಳೆಯ ಪ್ರತಿಯನ್ನು ಒಂದು ಕೈಯಲ್ಲಿ, ಹೊಸ ಹಾಳೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ತಾಳೆ ನೋಡಿದರು. ಬಸ್ ಡ್ರೈವರ್ ಬಂದಾಗ ಒಂದು ತೊಡಕಾಯಿತು. ಆತ ಹೋದ ಸಲ ಇಪ್ಪತ್ತಕ್ಕೂ "ಹೇಳಲಾರೆ" ಎಂದು ನಡುವಿನ ಚೌಕದಲ್ಲಿ ಹಾಕಿಸಿದ್ದ. ಹೇಳಲಾರೆ ಎಂಬುದಕ್ಕೆ ವಿರುದ್ಧ ಯಾವುದು? ಹೆಡ್‌ಮೇಷ್ಟ್ರು ಕಣ್ಣು ಮುಚ್ಚಿ ಯೋಚಿಸಿ, "ಖಂಡಿತ ಹೇಳಲಾರೆ" ಎಂದು ತೀರ್ಪು ಕೊಟ್ಟರು. ಅದೇ ಚೌಕದಲ್ಲಿ ಸ್ವಲ್ಪ ಒತ್ತಿ ಟಿಕ್ ಹಾಕಲಾಯಿತು.

ಪ್ರತಿ ಹಾಳೆಯ ಕೆಳಗೂ ಹೆಡ್‌ಮೇಷ್ಟ್ರು ಕೆಂಪು ಶಾಯಿಯಲ್ಲಿ, ದುಂಡನೆಯ ಅಕ್ಷರಗಳಲ್ಲಿ, "ನನ್ನ ಸಮಕ್ಷಮ ಉತ್ತರಿಸಿದ್ದಾರೆ" ಎಂದು ಬರೆದು, ಹೆಸರು, ದಿನಾಂಕ, ಹೊತ್ತು ಹಾಕಿ ಸಹಿ ಮಾಡಿದರು. ಕೊನೆಯ ಹಾಳೆ ಅವರದೇ. ಅದಕ್ಕೂ ತಮ್ಮ ಸಮಕ್ಷಮ ತಾವೇ ಉತ್ತರಿಸಿದ್ದಾಗಿ ಸಹಿ ಹಾಕಿದರು.

ಮಧ್ಯಾಹ್ನ ಒಂದೂವರೆಗೆ ಟಿಕ್ಕಣ್ಣ ತಟ್ಟೆಯ ಮುಂದೆ ಕೂತಿದ್ದ. ಒಂದು ಮೂಟೆಯಲ್ಲ, ಹದಿನಾಲ್ಕು ಮೂಟೆಗಳು ಉಯ್ಯಾಲೆಯಾಡಿದ್ದವು. ಸಂಜೆ ಐದಕ್ಕೆ ಯೋಜನೆಗೂ ಅವನಿಗೂ ಒಟ್ಟಿಗೆ ಬೀಗ.

"ಕೆಳಗೆ ಹೋಗಿ ನಿಜ ಹೇಳ್ಬಿಡಿ" ಎಂದಳು ಹೆಂಡತಿ. ತಪ್ಪಿನ ಮೂಲ ತಾನೇ ಎಂದು ಗೊತ್ತಿದ್ದುದರಿಂದ ಅವಳ ದನಿ ಮೆತ್ತಗಿತ್ತು. "ಇದು ಸರಿಹೋಗದಿದ್ರೆ ಕೆಲಸ ಹೋಗತ್ತೆ ಅನ್ನಿ. ಕಲ್ಲಲ್ಲ ಅವರು, ಕರಗ್ತಾರೆ."

"ಇಷ್ಟು ವರ್ಷ ಆದ್ಮೇಲೂ ತಾತ್ಕಾಲಿಕ ಅಂತ ಟೈಲರ್ ಅಕ್ಕನಿಗೆ ಹೇಳ್ಲಾ? ಅವಳ ತಂಗಿ ಇರೋದು ನಿಮ್ಮಪ್ಪನ ಮನೆ ಪಕ್ಕದ ಬೀದೀಲಿ."

ಹೆಂಡತಿ ನೀರಿನ ಲೋಟ ಕೆಳಗಿಟ್ಟಳು. ಎದ್ದು ಹೋಗಿ ಬಾಗಿಲಿಗೆ ಚಿಲಕ ಹಾಕಿ ಬಂದಳು. ಆಮೇಲೆ ಫ್ರಿಜ್ಜಿನ ಮೇಲೆ ಮತ್ತೆ ಇಟ್ಟಿದ್ದ ಹಳೆಯ ಪ್ರತಿಗಳ ಕಟ್ಟನ್ನು ತಂದು, ಅವನ ತಟ್ಟೆಯ ಪಕ್ಕ ಇಟ್ಟಳು.

ಚೀಲದಲ್ಲಿ ಹದಿನಾಲ್ಕು ಖಾಲಿ ಹಾಳೆಗಳು ಉಳಿದಿದ್ದವು. ಟಿಕ್ಕಣ್ಣ ಕೆಟ್ಟವನಲ್ಲ. ಆರು ವರ್ಷದಲ್ಲಿ ಒಂದು ಸುಳ್ಳು ಟಿಕ್ ಹಾಕಿದವನಲ್ಲ. ಮೊದಲ ಹಾಳೆಯ ಮೇಲೆ ಪೆನ್ನಿಡುವಾಗ ಅವನಿಗೆ ನಿಜವಾಗಿಯೂ ನಾಚಿಕೆಯಾಯಿತು. ಆದರೂ ಇವು ಅವರೇ ಹೇಳಿದ ಉತ್ತರಗಳಲ್ಲವೆ, ನಾನೇನು ಹುಟ್ಟಿಸಿಕೊಂಡು ಬರೆದೆನೆ ಎಂದು ಸಮಾಧಾನ ಮಾಡಿಕೊಂಡ. ಮೂರನೇ ಹಾಳೆಗೆ ನಾಚಿಕೆ ಹೋಯಿತು. ಐದನೆಯದಕ್ಕೆ ಕೈ ಕುದುರಿತು. ಹಳೆಯದರಲ್ಲಿ ಎಲ್ಲಿ ಟಿಕ್ ಇದೆಯೋ ಹೊಸದರಲ್ಲೂ ಅಲ್ಲೇ ಇಳಿಸಿದ. ತೀರ ಒಂದೇ ಥರ ಇದ್ದರೆ ಅನುಮಾನ ಬಂದೀತೆಂದು ಅಲ್ಲಲ್ಲಿ ಒಂದೊಂದನ್ನು ಪಕ್ಕದ ಚೌಕಕ್ಕೆ ಸರಿಸಿದ. ಮೂರು ಬೇರೆ ಬೇರೆ ಪೆನ್ನು ಬಳಸಿದ. ಹೆಂಡತಿ ಪಕ್ಕದಲ್ಲಿ ಕೂತು, "ಇದು ವಾಚ್ ಮಾಮಂದು, ಸ್ವಲ್ಪ ಜೋರಾಗಿ ಹಾಕಿ" ಎಂದು ನೆನಪಿಸುತ್ತಿದ್ದಳು.

ಮೂರು ಗಂಟೆಗೆ ಹೊರಟಾಗ ಕೆಂಪು ಸಹಿಯ ಕಟ್ಟನ್ನು ದಾರಿಯಲ್ಲಿ ಎಲ್ಲಾದರೂ ಹರಿದೆಸೆಯಬೇಕೆಂದುಕೊಂಡಿದ್ದ. ಆದರೆ ಕೆಳಗೆ ಹೆಡ್‌ಮೇಷ್ಟ್ರು ಚಪ್ಪಲಿ ಮೆಟ್ಟಿ, ಕೊಡೆ ಹಿಡಿದು ಸಿದ್ಧವಾಗಿ ನಿಂತಿದ್ದರು.

"ನಡಿ, ಬಸ್ ಹತ್ತಿಸಿ ಬರ್ತೀನಿ. ಹದಿನಾಲ್ಕು ಜನರ ಮರ್ಯಾದೆ ಇದೆ ಆ ಚೀಲದಲ್ಲಿ."

ಬಸ್ಸು ಹೊರಡುವ ತನಕ ಕಿಟಕಿಯ ಕೆಳಗೆ ನಿಂತು ಚೀಲವನ್ನೇ ನೋಡುತ್ತಿದ್ದರು. ಬಸ್ಸಿನಲ್ಲಿ ಒಂಟಿ ಕಾಲಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಇಳಿದ ಮೇಲೆ ಟಿಕ್ಕಣ್ಣನಿಗೆ ಹಾಳೆ ಎಣಿಸಿ ವಾಪಸ್ ಕೊಡಬೇಕಾದ ಮಾತು ನೆನಪಾಯಿತು. ಹರಿದರೆ ಲೆಕ್ಕ ತಪ್ಪೀತೆಂದು ಕಟ್ಟನ್ನು ಚೀಲದಲ್ಲೇ ಬಿಟ್ಟು, ಕೇಳಿದರೆ ಹಾಳಾದವು ಅಂದರಾಯಿತು ಎಂದುಕೊಂಡ.

ಮೇಡಂ ಅವನು ಮನೆಯಲ್ಲಿ ತುಂಬಿದ ಹಾಳೆಗಳನ್ನು ಒಂದೊಂದಾಗಿ ಯಂತ್ರದ ಬಾಯಿಗೆ ಕೊಟ್ಟರು. ಯಂತ್ರ ಗುರುಗುಟ್ಟುತ್ತ ನುಂಗಿತು. ಟಿಕ್ಕಣ್ಣ ಕೈಯಿಲ್ಲದ ಕುರ್ಚಿಯಲ್ಲಿ ಕೂತು, ಕೈ ಇರುವ ಕುರ್ಚಿಯಲ್ಲಿ ಕೂತರೆ ಮೊಣಕೈ ಎಲ್ಲಿ ಬರುತ್ತದೆ ಎಂದು ಅಂದಾಜು ಮಾಡುತ್ತಿದ್ದ.

ಹೋದ ಸಲದ ಉತ್ತರಗಳಿಗೆ ಇವು ಎಷ್ಟು ಹೊಂದುತ್ತವೆ ಎಂಬ ಅಂಕಿ ಪರದೆಯ ಮೇಲೆ ಮೂಡಿತು. ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ನೂರಕ್ಕೆ ತೊಂಬತ್ತೇಳು" ಎಂದರು.

"ಗೊತ್ತಿತ್ತು ಮೇಡಂ. ನಮ್ಮ ಜನ..."

"ಮೈನಸ್ ತೊಂಬತ್ತೇಳು."

ಟಿಕ್ಕಣ್ಣನ ಮೊಣಕೈ ಗಾಳಿಯಲ್ಲೇ ನಿಂತಿತು.

"ಸೊನ್ನೆ ಬಂದಿದ್ರೆ ಏನೋ ಒಂದು ಕಾರಣ ಹೇಳಬಹುದಿತ್ತು" ಎಂದರು ಮೇಡಂ. "ಇದು ಪೂರ್ತಿ ತಲೆಕೆಳಗು. ಈ ಸಲದ ಪ್ರಶ್ನೆ ಹಾಳೇಲಿ ಇಪ್ಪತ್ತು ವಾಕ್ಯಾನೂ ಉಲ್ಟಾ ಬರೆದಿದ್ರಲ್ಲ, ಜನ ಮನಸ್ಸಿಟ್ಟು ಉತ್ತರ ಕೊಡ್ತಾರೋ ಸುಮ್ಮನೆ ತಲೆ ಆಡಿಸ್ತಾರೋ ನೋಡೋಕೆ ಅಂತ. 'ನಾನು ಸೋಮಾರಿ' ಅಂತ ಇದ್ದದ್ದು 'ನಾನು ಚುರುಕು' ಅಂತ ಆಗಿತ್ತು. ಹೋದ ಸಲ ಸೋಮಾರಿ ಅಂತ ಒಪ್ಪಿಕೊಂಡೋರು ಈ ಸಲ ಚುರುಕು ಅನ್ನೋದನ್ನ ಒಪ್ಪಬಾರದು. ನಿಮ್ಮ ಜನ ಎರಡನ್ನೂ ಒಪ್ಪಿದಾರೆ. ನೀವು ಹಾಳೆ ನೋಡಿ ಓದಿ ಹೇಳಿದ್ರಿ ತಾನೆ?"

"ಓದಿ ಹೇಳಿದೆ ಮೇಡಂ" ಎಂದ. ಬಾಯಿ ತಾನಾಗಿ ಹೇಳಿತು. ಮನಸ್ಸು ಚೀಲದ ತಳದಲ್ಲಿ ಮಡಿಸಿಕೊಂಡು ಬಿದ್ದಿದ್ದ ಹಾಳೆಯ ಹತ್ತಿರ ಓಡಿತ್ತು.

"ಹಾಗಾದ್ರೆ ಮುಗೀತು. ಈ ಪ್ರಶ್ನಾವಳಿ ನಮ್ಮಲ್ಲಿ ನಡೆಯಲ್ಲ ಅಂತ ಬರೀತೀನಿ. ಉಳಿದ ಹದಿನಾಲ್ಕು ಖಾಲಿ ಹಾಳೆ ಕೊಡಿ."

"ಹ... ಹಾಳಾದವು ಮೇಡಂ."

"ಹದಿನಾಲ್ಕೂ? ಹಾಳಾದದ್ದನ್ನೂ ಕೊಡಬೇಕು ಅಂದಿದ್ನಲ್ಲ."

ಮೇಡಂ ಕೈ ಚಾಚಿದರು. ಹಿಂತೆಗೆಯುವ ಕೈಯಾಗಿರಲಿಲ್ಲ ಅದು. ಟಿಕ್ಕಣ್ಣ ಚೀಲದಿಂದ ಕೆಂಪು ಸಹಿಯ ಕಟ್ಟನ್ನು ತೆಗೆದು ಕೊಟ್ಟ. ಅವರು ಮೊದಲ ಹಾಳೆ ನೋಡಿದರು, ಎರಡನೆಯದು ನೋಡಿದರು, ಅವನ ಮುಖ ನೋಡಿದರು. ಎಲ್ಲವನ್ನೂ ಯಂತ್ರಕ್ಕೆ ಹಾಕಿದರು.

ನೂರಕ್ಕೆ ನೂರು. ಮೈನಸ್ ಇರಲಿಲ್ಲ.

ಟಿಕ್ಕಣ್ಣನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವನು ಹಳೆಯ ವಾಕ್ಯ ಹೇಳಿದ್ದ, ಜನ ಹಟಕ್ಕೆ ಬಿದ್ದು ಉಲ್ಟಾ ಉತ್ತರ ಕೊಟ್ಟಿದ್ದರು. ಕಾಗದದ ಮೇಲೆ ವಾಕ್ಯವೇ ಉಲ್ಟಾ ಆಗಿತ್ತು. ಅವನ ಉದಾಸೀನವೂ ಅವರ ಸಿಟ್ಟೂ ಸೇರಿ, ಯಾರ ಹಂಗೂ ಇಲ್ಲದೆ, ಲೆಕ್ಕ ಚಿನ್ನದಂತೆ ಸರಿಹೋಗಿತ್ತು. ಕೈಕಟ್ಟಿ ಕೂತಿದ್ದರೆ ಅವನು ಈ ಹೊತ್ತಿಗೆ ಖಾಯಂ. ಬಾಗಿಲಿಗೆ ಚಿಲಕ ಹಾಕಿಕೊಂಡು, ಮೂರು ಪೆನ್ನು ಹಿಡಿದು, ಬೆವರು ಸುರಿಸಿ ಕೆಡಿಸಿಕೊಂಡಿದ್ದ.

"ಹನ್ನೊಂದು ದೇಶಗಳಲ್ಲಿ ಯಾರಿಗೂ ಇಷ್ಟು ಬಂದಿಲ್ಲ" ಎಂದರು ಮೇಡಂ ನಿಧಾನವಾಗಿ. "ಪ್ರಶ್ನಾವಳಿ ನಮ್ಮಲ್ಲಿ ಚೆನ್ನಾಗೇ ನಡೆಯತ್ತೆ. ಯೋಜನೆ ಇರತ್ತೆ. ಆದ್ರೆ ಇನ್ನೊಂದು ಕಟ್ಟು ನಿಮ್ಮ ಕೈಯಿಂದ ಯಾಕೆ ಬಂತು ಅಂತ ನಾನು ಕೇಳಬೇಕಾ?"

ಅವನು ತಲೆ ತಗ್ಗಿಸಿದ. ನಿಜ ಹೇಳಿದರೆ ಕಳ್ಳ ಟಿಕ್ಕಿನ ಜೊತೆಗೆ ಪ್ರಶ್ನೆ ಹಾಳೆ ಓದದ ತಪ್ಪೂ ಸೇರುತ್ತಿತ್ತು, ಬಂದ ನೂರೂ ಹೋಗುತ್ತಿತ್ತು.

"ಕೇಳಲ್ಲ" ಎಂದರು ಮೇಡಂ. ಕೆಂಪು ಅಕ್ಷರಗಳ ಮೇಲೆ ಬೆರಳಾಡಿಸಿದರು. "ಯಾರಿವರು? ಪ್ರತಿಯೊಂದು ಹಾಳೆಗೂ ಸಾಕ್ಷಿ, ದಿನಾಂಕ, ಹೊತ್ತು. ಆರು ವರ್ಷದಿಂದ ನಿಮಗೆ ಹೇಳ್ತಾ ಬಂದಿದೀನಿ ಹೀಗೆ ಮಾಡಿ ಅಂತ."

"ನಿವೃತ್ತ ಹೆಡ್‌ಮಾಸ್ಟರ್ ಮೇಡಂ. ನಮ್ಮ ಕೆಳಗಿನ ಮನೆಯವರು."

"ಇಂಥವರು ಬೇಕು ನಮಗೆ. ಈ ಹುದ್ದೆಗೆ ವಯಸ್ಸಿನ ಮಿತಿ ಇಲ್ಲ."

ಐದಕ್ಕೆ ಫಲಿತಾಂಶ ಹೋಯಿತು. ಐದೂಕಾಲಿಗೆ ಒಂದು ಪತ್ರ ಟೈಪಾಗಿ ಸಹಿಯಾಗಿ ಲಕೋಟೆ ಸೇರಿತು. "ನೀವು ಅದೇ ಕಟ್ಟಡದಲ್ಲಿರೋದಲ್ವಾ, ಹೋಗ್ತಾ ಕೊಟ್ಬಿಡಿ, ಅಂಚೆ ಯಾಕೆ" ಎಂದರು ಮೇಡಂ. "ತಿಂಗಳ ಕೊನೆ ತನಕ ಬನ್ನಿ. ಅವರಿಗೆ ಕೆಲಸ ತೋರಿಸಿಕೊಡಬೇಕು."

ಹೆಡ್‌ಮೇಷ್ಟ್ರು ಬಾಗಿಲಲ್ಲೇ ನಿಂತು ಪತ್ರವನ್ನು ಎರಡು ಸಲ ಓದಿದರು. ಈಗಿರುವ ತಾತ್ಕಾಲಿಕ ನೌಕರನ ಜಾಗದಲ್ಲಿ ಅವರಿಗೆ ಖಾಯಂ ಹುದ್ದೆ ಎಂದಿತ್ತು ಅದರಲ್ಲಿ. ಮೂರನೇ ಸಲ ಓದುವಾಗ ಜೇಬಿನಿಂದ ಪೆನ್ನು ತೆಗೆದು ಒಂದು ಕಡೆ ಅಲ್ಪವಿರಾಮ ಹಾಕಿದರು. ಟೈಲರ್ ಅಕ್ಕ ಮೇಲಿನಿಂದ ಬಗ್ಗಿ, "ಏನಂತೆ ಮೇಷ್ಟ್ರೇ?" ಎಂದಳು. ಖಾಯಂ ಹುದ್ದೆ ಎಂಬ ಮಾತು ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ ಮೂರನೇ ಮಹಡಿಯಲ್ಲಿ ಅವನ ಹೆಂಡತಿಯ ಕಿವಿಗೂ ಬಿತ್ತು. ಆಕೆ ಸಂತೋಷದಿಂದ ಓಡಿ ಬಂದವಳು, ಲಕೋಟೆಯ ಮೇಲಿನ ಹೆಸರು ನೋಡಿ ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು.

ಹೆಡ್‌ಮೇಷ್ಟ್ರು ಟಿಕ್ಕಣ್ಣನ ಹೆಗಲ ಮೇಲೆ ಕೈಯಿಟ್ಟರು. ದನಿಯಲ್ಲಿ ನಿಜವಾದ ಮರುಕವಿತ್ತು.

"ಅಲ್ಲ ಕಣಯ್ಯ, ಇಷ್ಟು ವರ್ಷ ನೀನು ಬರೀ ತಾತ್ಕಾಲಿಕನಾ? ನಮಗೊಂದು ಮಾತು ಹೇಳಬಾರದಿತ್ತಾ? ಹೇಳಿದ್ರೆ ಹೋದ ಸಲ ಹೇಳಿದ್ದನ್ನೇ ಹೇಳಿಬಿಡ್ತಿದ್ವಲ್ಲ." ಸ್ವಲ್ಪ ಯೋಚಿಸಿ ಮುಂದುವರಿಸಿದರು. "ಇರ್ಲಿ, ಎದೆಗುಂದಬೇಡ. ಮುಂದಿನ ತಿಂಗಳಿಂದ ಮೆಟ್ಟಿಲು ಹತ್ತಿ ಇಳಿಯೋಕೆ ನನಗೂ ಒಬ್ಬ ತಾತ್ಕಾಲಿಕ ಬೇಕಾಗ್ತಾನೆ. ಒಂದು ಅರ್ಜಿ ಬರ್ಕೊಡು. ನೋಡೋಣ."